ಚೀಟಿ ಹೋದವರ ಚಿಕಿತ್ಸೆಯ ಗತಿಯೇನು?

ಪಡಿತರ ಚೀಟಿಗಳ ಪರಿಶೋಧನೆಯ ವಿಷಯದಲ್ಲಿ ಸರಕಾರದವರೊಡನೆ ನಮಗೆ ಜಗಳವಿಲ್ಲ. ಉಳ್ಳವರು ಇಲ್ಲದವರ ಪಾಲನ್ನು ಉಣ್ಣಬಾರದೆಂಬುದು ನಿರ್ವಿವಾದ. ಆದರೆ ಬಡವರ ಚೀಟಿಯೊಂದು ರದ್ದಾದಾಗ ಅಕ್ಕಿಯೊಂದೇ ಹೋಗುವುದಿಲ್ಲ, ಆ ಕುಟುಂಬದ ಚಿಕಿತ್ಸೆಯ ಅಭಯವೂ ಹೋಗುತ್ತದೆ. ಈ ಸಂಗತಿಯನ್ನು ಅಧಿಕಾರಿವರ್ಗದ ಅವಗಾಹನೆಗೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

2018ರಲ್ಲಿ ನೆಲೆಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಪ್ರಕಾರ ಬಿ.ಪಿ.ಎಲ್. ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆಯುಂಟು. ಆ ಚೀಟಿ ಇಲ್ಲದವರಿಗೆ ಸರಕಾರವು ಕೊಡುವುದು ನಿಗದಿತ ವೆಚ್ಚದಲ್ಲಿ ನೂರಕ್ಕೆ 30 ಪಾಲು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಈ ಎರಡಕ್ಕೂ ನಡುವಿನ ಗಡಿಯೆಂದರೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ, ಎಂದರೆ ತಿಂಗಳಿಗೆ 10 ಸಾವಿರ.

ಕರೂರು ಸೀಮೆಯ ಕೂಲಿಯ ಕುಟುಂಬವೊಂದನ್ನು ವಾಚಕರು ಊಹಿಸಿಕೊಳ್ಳಲಿ. ತಂದೆತಾಯಿಗಳು ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ನಾಟಿ, ಕೊಯ್ಲಿಗೆ ಹೋಗುವವರು. ಮಗನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಮೂವರ ಗಳಿಕೆ ಕೂಡಿದರೆ ಗಡಿ ದಾಟಿತು! ಹತ್ತು ಜನ ಕೆಲಸಗಾರರೂ ಇಲ್ಲದ ಚಿಕ್ಕ ಮನೆಗಳಲ್ಲಿ ಹೊಲಿಯುವವನಿಗೆ ಇ.ಎಸ್.ಐ. ರಕ್ಷಣೆಯೂ ಇಲ್ಲ. ಬಡತನದ ಪಟ್ಟಿಯಿಂದ ಹೊರಬಿದ್ದವನು ಸಿರಿವಂತನಾದನೆಂದು ಯಾರು ಹೇಳಬಲ್ಲರು? ಅಕ್ಕಿ ತಪ್ಪಿದ್ದು ಆ ತಿಂಗಳೇ ತಿಳಿಯುತ್ತದೆ. ಚಿಕಿತ್ಸೆ ತಪ್ಪಿದ್ದು ತಿಳಿಯುವುದು ರೋಗಿಯನ್ನು ಆಸ್ಪತ್ರೆಯ ಬಾಗಿಲಿಗೆ ತಂದಾಗಲೇ.

ಈ ಅಭಯದ ಬೆಲೆಯೇನೆಂಬುದನ್ನು ನಮ್ಮ ಸೀಮೆಯೇ ತೋರಿಸಿಕೊಟ್ಟಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಬಂದದ್ದು ಗುಲಬರ್ಗಾ ವಿಭಾಗಕ್ಕೆ. ಅದು ದೊರೆತ ಮತ್ತು ದೊರೆಯದ ಗಡಿಹಳ್ಳಿಗಳ ಬಡವರನ್ನು ಹೋಲಿಸಿದ ಪಂಡಿತರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯೋಜನೆಗೊಳಪಟ್ಟ ರೋಗಗಳಿಂದಾದ ಮರಣವು ಅದು ದೊರೆತ ಹಳ್ಳಿಗಳಲ್ಲಿ ನೂರಕ್ಕೆ 64ರಷ್ಟು ಕಡಿಮೆಯಿತ್ತು. ಇಂಥ ರಕ್ಷಣೆಯನ್ನು ಲೇಖನಿಯ ಒಂದು ಗೀಟಿನಿಂದ ಅಳಿಸಬಹುದೇ?

ಅಮೇರಿಕಾ ದೇಶವೂ ಈ ಕಷ್ಟವನ್ನು ಕಂಡದ್ದೇ. ನಗದು ಸಹಾಯವನ್ನು ಬಿಟ್ಟು ದುಡಿಮೆಗೆ ಹೋಗುವ ಕುಟುಂಬಗಳಿಗೆ ಒಂದು ವರ್ಷದವರೆಗೆ ಸರಕಾರಿ ಆರೋಗ್ಯರಕ್ಷಣೆ ಮುಂದುವರಿಯುವಂತೆ ಅಲ್ಲಿ 1988ರಲ್ಲಿ ಕಾಯಿದೆಯಾಯಿತು. 1996ರಲ್ಲಿ ನಗದು ಸಹಾಯಕ್ಕೂ ಆ ರಕ್ಷಣೆಗೂ ಇದ್ದ ಗಂಟನ್ನೇ ಬಿಚ್ಚಿದರು. ಆದರೂ ತಮಗೆ ಹಕ್ಕಿದೆಯೆಂಬುದನ್ನೇ ಅರಿಯದೆ, ಕಾಗದಪತ್ರಗಳ ತೊಡಕಿಗೆ ಸಿಕ್ಕಿ ಎಷ್ಟೋ ಜನ ಅದನ್ನು ಕಳೆದುಕೊಂಡರು. ಕಾಯಿದೆಯೊಂದೇ ಸಾಲದು, ತಿಳಿವಳಿಕೆಯೂ ಬೇಕೆಂಬುದೇ ಇದರ ಪಾಠ.

2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಚೀಟಿಗಳು ರದ್ದಾಗಿ ಕೂಗೆದ್ದಾಗ, ಸರಕಾರಿ ನೌಕರರು ಹಾಗೂ ಆದಾಯತೆರಿಗೆ ಕೊಡುವವರನ್ನು ಬಿಟ್ಟು ಉಳಿದವರಿಗೆ ಅವನ್ನು ಮರಳಿಸುವಂತೆ ಸರಕಾರವೇ ಹೇಳಬೇಕಾಯಿತು. ತಪ್ಪನ್ನು ತಿದ್ದಿಕೊಂಡದ್ದು ಶ್ಲಾಘ್ಯವೇ ಸರಿ. ಆದರೆ ಆ ನಡುವಿನ ದಿನಗಳಲ್ಲಿ ಕಾಯಿಲೆಯು ಯಾರಿಗಾಗಿಯೂ ಕಾಯುವುದಿಲ್ಲ.

ಆದಕಾರಣ ನಮ್ಮ ಬೇಡಿಕೆಗಳು ಮೂರು. ಆದಾಯ ಹೆಚ್ಚಿದ ಕಾರಣದಿಂದ ಚೀಟಿ ಕಳೆದುಕೊಂಡ ಕುಟುಂಬಕ್ಕೆ ಚಿಕಿತ್ಸೆಯ ಪೂರ್ಣ ರಕ್ಷಣೆಯನ್ನು ಮತ್ತೊಂದು ವರ್ಷ ಮುಂದುವರಿಸತಕ್ಕದ್ದು. ರದ್ದು ಮಾಡುವ ಮೊದಲು ಕನ್ನಡದಲ್ಲಿ ಲಿಖಿತ ತಿಳಿವಳಿಕೆ ಕೊಟ್ಟು, ಅಹವಾಲು ಕೇಳತಕ್ಕದ್ದು. ಚೀಟಿ ಹೋದ ಮೇಲೆ ಏನು ಉಳಿಯುತ್ತದೆ, ಏನು ಹೋಗುತ್ತದೆಂಬುದನ್ನು ಗ್ರಾಮ ಪಂಚಾಯತಿಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಪ್ರಕಟಿಸತಕ್ಕದ್ದು.

ಬಡತನದ ಹೊಳೆಯನ್ನು ಈಜಿ ದಡಕ್ಕೆ ಕೈ ಹಚ್ಚಿದವನು ಇನ್ನೂ ದಡ ಹತ್ತಿಲ್ಲ. ಆ ಕೈಯನ್ನು ಬಿಡಿಸುವ ಮೊದಲು ಸರಕಾರದವರು ಒಂದು ಕ್ಷಣ ಯೋಚಿಸಲೆಂದು ಪ್ರಾರ್ಥಿಸುತ್ತೇವೆ.