ಗಾಳಿ ಇಲ್ಲದಾಗ ತೂರಿಕೊಂಡವರು

ಗಾಳಿ ಬಂದಾಗ ತೂರಿಕೋ ಎಂಬುದು ನಮ್ಮ ರೈತನ ಮಾತು. ಅಮೆರಿಕದ ಫ್ಲಾರಿಡಾ ರಾಜ್ಯದ ವಿಮಾ ಕಂಪನಿಗಳು ಗಾಳಿ ಬೀಸದ ವರ್ಷಗಳಲ್ಲೇ ತೂರಿಕೊಳ್ಳುವುದನ್ನು ಕಲಿತಿವೆ. ಬಿರುಗಾಳಿ ಎದ್ದೊಡನೆ ಮೊರ ಕೆಳಗಿಟ್ಟು ಕಣದಿಂದ ಕಾಲ್ತೆಗೆಯುತ್ತವೆ.

1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಅಪ್ಪಳಿಸಿದಾಗ ಹನ್ನೊಂದು ಕಂಪನಿಗಳು ದಿವಾಳಿಯೆದ್ದವು. ದೊಡ್ಡ ಕುಳಗಳು ಕರಾವಳಿಯ ಮನೆಗಳನ್ನು ಕೈಬಿಡತೊಡಗಿದವು. ಬಿಟ್ಟ ಮನೆಗಳಿಗೆ ಸರ್ಕಾರವೇ ದಿಕ್ಕಾಗಬೇಕಾಯಿತು. 2002ರಲ್ಲಿ ಸಿಟಿಜನ್ಸ್ ಎಂಬ ಸರ್ಕಾರಿ ವಿಮಾ ಸಂಸ್ಥೆ ಹುಟ್ಟಿತು. ಲಾಭದ ಮನೆ ಖಾಸಗಿಯವರಿಗೆ, ಅಲೆಯ ಬಾಯಲ್ಲಿರುವ ಮನೆ ಸರ್ಕಾರಕ್ಕೆ! 2004, 2005ರ ಚಂಡಮಾರುತಗಳಲ್ಲಿ ಈ ಸಂಸ್ಥೆಗಾದ ನಷ್ಟ ತುಂಬಲು ಹಾಕಿದ ಹೆಚ್ಚುವರಿ ವಸೂಲಿ 2015ರವರೆಗೂ ನಡೆಯಿತು. ಸಮುದ್ರ ಕಾಣದ ಊರಿನಲ್ಲಿ ಮೋಟಾರು ವಿಮೆ ಮಾಡಿಸಿದವನೂ ಅದನ್ನು ತೆತ್ತ.

ಮನೆಯೊಡೆಯ ಎಂದೊಡನೆ ಜಹಗೀರುದಾರ ಎಂದು ನಾವು ತಿಳಿಯಬೇಕಿಲ್ಲ. ಬ್ಯಾಂಕಿನ ಸಾಲದಲ್ಲಿ ಮನೆ ಕೊಂಡ ದುಡಿಮೆಗಾರ, ಸಣ್ಣ ಅಂಗಡಿಯವ. ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡದು. ಕಂತು ಏರಿತೆಂದು ವಿಮೆ ಬಿಟ್ಟರೆ ಬ್ಯಾಂಕೇ ಅದಕ್ಕಿಂತ ದುಬಾರಿ ವಿಮೆ ಮಾಡಿಸಿ ಅವನ ಲೆಕ್ಕಕ್ಕೆ ಬರೆಯುತ್ತದೆ. ಇಷ್ಟು ತೆತ್ತ ಮೇಲೂ ಚಂಡಮಾರುತದ ನಷ್ಟದಲ್ಲಿ ಮೊದಲ ಪಾಲು ಅವನದೇ. ಮೂರು ಲಕ್ಷ ಡಾಲರಿನ ಮನೆಗೆ ನೂರಕ್ಕೆ 2ರಂತೆ 6,000 ಡಾಲರು. ಕಂತು ತಗ್ಗಲೆಂದು 5ಕ್ಕೆ ಒಪ್ಪಿದ್ದರೆ 15,000. ನೀರು ನುಗ್ಗಿ ಗೋಡೆ ಬಿದ್ದರೋ, ಅದು ಗಾಳಿಯಲ್ಲ, ನೆರೆ; ಅದಕ್ಕೆ ಬೇರೆ ಪಾಲಿಸಿ.

ಕಂಪನಿಗಳ ವಾದ ನಮಗೆ ತಿಳಿಯದ್ದಲ್ಲ. ಸಮುದ್ರ ಕಾದಿದೆ, ಮರಳ ದಂಡೆಯ ಮೇಲೆ ಮನೆ ಕಟ್ಟಿದ್ದಾರೆ, ವಿಮಾ ಕಂಪನಿಗಳಿಗೇ ವಿಮೆ ಕೊಡುವ ಬರ್ಮುಡಾ, ಯೂರೋಪಿನ ಸಂಸ್ಥೆಗಳು ದರ ಏರಿಸಿವೆ, ಮಾಡು ರಿಪೇರಿಯ ಹೆಸರಲ್ಲಿ ಸುಳ್ಳು ದಾವೆ ಹೂಡಿಸುವ ಗುತ್ತಿಗೆದಾರರಿದ್ದಾರೆ. ನಿಜವೇ. ಆದರೆ ರಾಜ್ಯದ ವಿಮಾ ಇಲಾಖೆಗಾಗಿ 2022ರಲ್ಲಿ ತಯಾರಾದ ವರದಿಯೊಂದು 2025ರಲ್ಲಿ ಪತ್ರಿಕೆ ಹೊರಗೆಳೆಯುವವರೆಗೂ ಕತ್ತಲಲ್ಲೇ ಇತ್ತಲ್ಲ, ಅದೇನು ಹೇಳಿತು? 2017ರಿಂದ 2019ರವರೆಗೆ ಕಂಪನಿಗಳು ನಷ್ಟ ತೋರಿಸುತ್ತಿದ್ದಾಗ ಅವುಗಳ ಸೋದರ ಸಂಸ್ಥೆಗಳು ನೂರಾರು ಕೋಟಿ ಡಾಲರು ಗಳಿಸಿದ್ದವು! ಎಡಗೈಯ ಗಂಟನ್ನು ಬಲಗೈಗೆ ದಾಟಿಸಿ, ಎಡಗೈ ಬರಿದೆಂದು ಊರಿಗೆಲ್ಲ ತೋರಿಸುವ ಆಟವಿದು. ವರದಿ ಬೀರುವಿನಲ್ಲಿದ್ದಾಗ, 2022ರ ಡಿಸೆಂಬರಿನಲ್ಲಿ, ಶಾಸನಸಭೆ ಏನು ಮಾಡಿತು? ಕಂಪನಿಯ ಮೇಲೆ ದಾವೆ ಗೆದ್ದ ಮನೆಯವನಿಗೆ ವಕೀಲರ ಖರ್ಚು ಕೊಡಿಸುತ್ತಿದ್ದ ಕಾಯಿದೆಯನ್ನು ತೆಗೆದುಹಾಕಿತು.

ಗಾಳಿವಿಮೆಯನ್ನು ಇಡಿಯಾಗಿ ಸಾರ್ವಜನಿಕ ಸಂಸ್ಥೆಗೆ ವಹಿಸಬೇಕು, ಶಾಂತ ವರ್ಷದ ಹಣ ಬಿರುಗಾಳಿಯ ವರ್ಷಕ್ಕೆ ಅಲ್ಲೇ ಉಳಿಯಬೇಕು ಎಂಬುದು ನಮ್ಮ ಅಭಿಪ್ರಾಯ. ನಮ್ಮ ದೇಶ 107 ಸಾಮಾನ್ಯ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ 1973ರಲ್ಲಿ ನಾಲ್ಕಾಗಿ ಕೂಡಿಸಿದ್ದು ಇದೇ ವಿವೇಕದಿಂದ. 2000ದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 2021ರ ತಿದ್ದುಪಡಿ ಸರ್ಕಾರದ ಪಾಲು ನೂರಕ್ಕೆ 51ಕ್ಕಿಂತ ಇಳಿಯಬಾರದೆಂಬ ಕಟ್ಟನ್ನೂ ಕಿತ್ತಿತು. ಅದಕ್ಕೆ ಕೈಯೆತ್ತಿದ ಸಂಸತ್ ಸದಸ್ಯರು ಮತ ಕೇಳಲು ಬಂದಾಗ ಗಿರಣಿ ಕಾರ್ಮಿಕರೂ ವರ್ತಕ ಬಾಂಧವರೂ ಒಂದೇ ಪ್ರಶ್ನೆ ಕೇಳಲಿ: ಕರಾವಳಿಯ ಮೀನುಗಾರನ ಹೆಂಚಿನ ಮನೆಗೆ ವಿಮೆ ಕೊಡಲು ಯಾವ ಖಾಸಗಿ ಕಂಪನಿ ಓಡಿಬರುತ್ತದೆ, ಸ್ವಾಮಿ?