ಆರಡಿ ಹಲಗೆಯ ಪ್ರಶ್ನೆ

ರಾತ್ರಿ ಗಾಡಿಯಲ್ಲಿ ಕಾಲು ಚಾಚಿ ಮಲಗಿ ಹೋಗುವುದು ಉಳ್ಳವರ ಸುಖವೆಂದು ತಿಳಿದವರುಂಟು. ನಾವು ಹಾಗೆ ತಿಳಿಯುವುದಿಲ್ಲ. ಇಂಡಿಯ ಲಿಂಬೆ ವ್ಯಾಪಾರಿಗೆ, ಸಿಂದಗಿಯ ಹತ್ತಿ ಗಿರಣಿಯ ಹಮಾಲನಿಗೆ, ಮುದ್ದೇಬಿಹಾಳ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ಗಂಡಹೆಂಡಿರಿಗೆ, ಬಸವನ ಬಾಗೇವಾಡಿಯ ಅರಿವೆ ಅಂಗಡಿಯವನಿಗೆ ಅದು ದುಡಿಮೆಯ ಮಾತು. ರಾತ್ರಿ ನಿದ್ದೆ ಮಾಡಿದವನು ಮುಂಜಾನೆ ಇಳಿದು ನೇರ ಕೆಲಸಕ್ಕೆ ಹೋಗುತ್ತಾನೆ. ಇಡೀ ರಾತ್ರಿ ಸಂಡಾಸದ ಬಾಗಿಲ ಬಳಿ ಗಂಟಿನ ಮೇಲೆ ಕುಳಿತು ಬಂದವನ ಮರುದಿನದ ಕೂಲಿ ಮುಳುಗಿದ ಹಾಗೆಯೇ. ವ್ಯಾಪಾರಿಯಾದರೆ ತೂಕಡಿಸುತ್ತ ಮಾಲು ಖರೀದಿ ಮಾಡಿ ಮೋಸಹೋಗುತ್ತಾನೆ.

ಈ ಆರಡಿ ಹಲಗೆಗೂ ಒಂದು ಇತಿಹಾಸವಿದೆ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಜನರನ್ನು ಯಾವ ಪರಿಯಲ್ಲಿ ತುಂಬುತ್ತಾರೆಂಬುದನ್ನು ಗಾಂಧೀಜಿ ತಾವೇ ಅನುಭವಿಸಿ 1917ರಲ್ಲಿ ಬರೆದು ಪ್ರಕಟಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಆ ದರ್ಜೆ ಉಳಿದೇ ಇತ್ತು. 1974ರಲ್ಲಿ ಅದರ ಹೆಸರು ಹೋಗಿ ಎಲ್ಲವೂ ಎರಡನೆಯ ದರ್ಜೆಯಾಯಿತು. ಬೆನ್ನಿಗೆ ತಾಗುವ ಕಟ್ಟಿಗೆ ಮಾತ್ರ ಅದೇ. ಅದೇ ವರ್ಷ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ರೇಲ್ವೆ ಕಾಮಗಾರರು ದೇಶವ್ಯಾಪಿ ಮುಷ್ಕರ ಹೂಡಿದರು. ಸಾವಿರಾರು ಜನ ಸೆರೆಮನೆ ಕಂಡರು, ಕೆಲಸ ಕಳೆದುಕೊಂಡರು. 1977ರಲ್ಲಿ ಜನತಾ ಸರಕಾರ ಬಂದಾಗ ಸಮಾಜವಾದಿ ಪ್ರೊ. ಮಧು ದಂಡವತೆಯವರು ರೇಲ್ವೆ ಮಂತ್ರಿಗಳಾದರು. ಅವರ ಕಾಲದಲ್ಲಿಯೇ ಎರಡನೆಯ ದರ್ಜೆಯ ಬರಿ ಹಲಗೆಯ ಮೇಲೆ ಎರಡು ಇಂಚು ದಪ್ಪದ ಗಾದಿ ಬಂದದ್ದು. ಮೇಲಿನವರ ಗಾದಿ ಕೀಳಲಿಲ್ಲ, ಕೆಳಗಿನವರಿಗೆ ಗಾದಿ ಹಾಕಿದರು. ಎರಡೇ ಇಂಚು ಎಂದು ನಗಬಾರದು. ಬಡವನ ಬೆನ್ನಿಗೂ ನೋವಿದೆ ಎಂದು ರೇಲ್ವೆ ಮಂತ್ರಾಲಯ ಒಪ್ಪಿಕೊಳ್ಳುವುದಕ್ಕೆ ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ಹಿಡಿಯಿತು.

ನಮ್ಮ ಭಾಗಕ್ಕೆ ರೇಲ್ವೆ ಬಂದದ್ದು ಹೊಸದಲ್ಲ. 1876ರಿಂದ 78ರ ಘೋರ ಬರದಲ್ಲಿ ಕಾಳು ತರಲು ದಾರಿಯಿಲ್ಲದೆ ಜನ ಸತ್ತ ಮೇಲೆ, ಸದರ್ನ್ ಮರಾಠಾ ರೇಲ್ವೆ ಕಂಪನಿಯವರು ಹೊಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಮೀಟರ್ ಗೇಜಿನ ಹಳಿ ಹಾಕಿದರು. ಅದೇ ಹಾದಿ ಇಂದು ಬ್ರಾಡ್ ಗೇಜ್ ಆಗಿದೆ. ಆದರೆ ಊರಿಗೂ ಸ್ಟೇಶನ್ನಿಗೂ ಇರುವ ದೂರ ಕಂಪನಿಯ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಇಂಡಿಯವರಿಗೆ ಇಂಡಿ ರೋಡ್, ಬಾಗೇವಾಡಿಯವರಿಗೆ ಬಾಗೇವಾಡಿ ರೋಡ್. ‘ರೋಡ್’ ಎಂದರೆ ಸ್ಟೇಶನ್ ಊರಲ್ಲಿಲ್ಲ, ಹರದಾರಿಗಟ್ಟಲೆ ಆಚೆ ಇದೆ ಎಂದೇ ಅರ್ಥ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಆ ರೋಡ್ ಕೂಡ ಇಲ್ಲ. ಮುದ್ದೇಬಿಹಾಳದವರು ಆಲಮಟ್ಟಿಗೆ ಬರಬೇಕು, ಸಿಂದಗಿಯವರು ವಿಜಯಪುರಕ್ಕೋ ಇಂಡಿ ರೋಡಿಗೋ ಹೋಗಬೇಕು. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಮುದುಕಾಗಿ ಹೋಗಿದೆ. ಚುನಾವಣೆಗೊಮ್ಮೆ ಅದಕ್ಕೆ ಹೊಸ ಅಂಗಿ ತೊಡಿಸುತ್ತಾರೆ.

1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಗಿರಣಿಗೆ ಸೊಲ್ಲಾಪುರ, ಸರಕಾರಕ್ಕೆ ಮುಂಬಯಿ. ಏಕೀಕರಣದ ಮೇಲೆ ಕಚೇರಿ, ದೊಡ್ಡ ದವಾಖಾನೆ, ಮಕ್ಕಳ ನೌಕರಿ ಎಲ್ಲವೂ ಬೆಂಗಳೂರ ಕಡೆ ತಿರುಗಿದವು. ಗೋಳಗುಮ್ಮಟ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ಸುತ್ತಿಕೊಂಡು ಬೆಂಗಳೂರಿಗೆ ಹೋಗುತ್ತದೆ. ಬಸವಣ್ಣನವರ ಹೆಸರಿನ ಬಸವ ಎಕ್ಸ್‌ಪ್ರೆಸ್ ಹತ್ತಿದರಂತೂ ಸೊಲ್ಲಾಪುರ, ಕಲಬುರಗಿ, ರಾಯಚೂರು, ಗುಂತಕಲ್ ಎಲ್ಲ ಕಂಡು ಮುಂದೆ ರಾಜಧಾನಿ. ತೀರ್ಥಯಾತ್ರೆಗೆ ಹೊರಟವನಿಗೆ ಇದು ಹಿಡಿಸೀತು, ಕೆಲಸಕ್ಕೆ ಹೊರಟವನಿಗಲ್ಲ. ಇಷ್ಟು ದೂರದ ಪಯಣದಲ್ಲಿ ಮಲಗಲು ಜಾಗ ಬೇಕೇ ಬೇಕು.

ಆ ಜಾಗವೇ ಈಗ ಕಿರಿದಾಗುತ್ತ ನಡೆದಿದೆ. ಕಳೆದ ಕೆಲವು ವರ್ಷಗಳಲ್ಲಿ ದೇಶದ ಎಷ್ಟೋ ಎಕ್ಸ್‌ಪ್ರೆಸ್ ಗಾಡಿಗಳಿಂದ ಸ್ಲೀಪರ್ ಡಬ್ಬಿ ಕಳಚಿ ಆ ಸ್ಥಳಕ್ಕೆ ತಂಪು ಡಬ್ಬಿ ಜೋಡಿಸಲಾಗಿದೆ. ಅಂಗಡಿಯವರು ಲೆಕ್ಕ ಬಲ್ಲವರು, ತಾವೇ ನೋಡಲಿ: ಹೊಸ ಮಾದರಿಯ ಸ್ಲೀಪರ್ ಡಬ್ಬಿಯಲ್ಲಿ 80 ಜನ ಮಲಗಬಹುದು, ತಂಪಿನ ಮೂರು ಹಲಗೆಯ ಡಬ್ಬಿಯಲ್ಲಿ 72 ಜನ. ಬಾಡಿಗೆ ಎರಡೂವರೆ ಪಟ್ಟಿನ ಆಸುಪಾಸು. ತಿಕೀಟು ಸಿಗದವನಿಗೆ ತತ್ಕಾಲ್ ಉಂಟಲ್ಲ ಎನ್ನುತ್ತಾರೆ. ಸ್ಲೀಪರಿನ ತತ್ಕಾಲ್ ತೆರೆಯುವುದು ಹಿಂದಿನ ದಿನ ಮುಂಜಾನೆ 11 ಗಂಟೆಗೆ. ಆ ಹೊತ್ತಿಗೆ ಕಾಮಗಾರ ಯಂತ್ರದ ಮುಂದಿರುತ್ತಾನೆ, ವ್ಯಾಪಾರಿ ತಕ್ಕಡಿ ಹಿಡಿದಿರುತ್ತಾನೆ. 2025ರ ಜುಲೈಯಿಂದ ಮೊಬೈಲಿನಲ್ಲಿ ತತ್ಕಾಲ್ ತೆಗೆಸಲು ಆಧಾರ್ ಜೋಡಣೆ ಕಡ್ಡಾಯವಾಯಿತು. ಇದರಿಂದ ದಲ್ಲಾಳಿಗಳ ಆಟ ತುಸು ತಗ್ಗಿದರೆ ನಮಗೆ ಸಂತೋಷವೇ. ಆದರೆ ದಲ್ಲಾಳಿಯನ್ನು ಓಡಿಸಿದ ಮಾತ್ರಕ್ಕೆ ಹಲಗೆ ಹೆಚ್ಚಾಗುವುದಿಲ್ಲ. ವೇಟಿಂಗ್ ತಿಕೀಟಿನವರು ಸ್ಲೀಪರ್ ಡಬ್ಬಿ ಹತ್ತಬಾರದೆಂಬ ನಿಯಮವೂ ಈಗ ಬಿಗಿಯಾಗಿದೆ. ಹಣ ಕೊಟ್ಟು ಹಲಗೆ ಪಡೆದವನ ನಿದ್ದೆ ಕೆಡಬಾರದು, ಸರಿ. ಇಳಿಸಿದವನನ್ನು ಎಲ್ಲಿಗೆ ಕಳಿಸುತ್ತೀರಿ? ಮುಂಚೆಯೇ ಕಾಲಿಡಲಾಗದ ಜನರಲ್ ಡಬ್ಬಿಗೆ. 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50ರಂತೆ ಇದ್ದ ರಿಯಾಯತಿಯನ್ನು 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನೆಪದಲ್ಲಿ ಕಿತ್ತುಕೊಂಡರು. ರೋಗ ಹೋಯಿತು, ಗಾಡಿಗಳು ಓಡತೊಡಗಿದವು, ಮುದುಕರ ರಿಯಾಯತಿ ಮಾತ್ರ ಅದರೊಂದಿಗೆ ಬರಲಿಲ್ಲ.

ಗಾಡಿಯಲ್ಲಿ ಜಾಗ ಸಿಗದ ನಮ್ಮ ಜನ ಖಾಸಗಿ ಸ್ಲೀಪರ್ ಬಸ್ಸು ಹಿಡಿಯುತ್ತಾರೆ. ಹಬ್ಬ ಬಂತೆಂದರೆ ಅದರ ದರ ಮಾಲಿಕರ ಮನಸ್ಸಿಗೆ ಬಂದಷ್ಟು. ದರದ ಮಾತು ಹೋಗಲಿ, 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸಿಗೆ ಬೆಂಕಿ ಹತ್ತಿ ಮಲಗಿದ್ದವರು ಮಲಗಿದಲ್ಲಿಯೇ ಸುಟ್ಟು ಸತ್ತರು. ಬಸ್ಸಿನ ಹಲಗೆಯನ್ನು ನಮ್ಮ ಜನ ಮೆಚ್ಚಿ ಆರಿಸಿಕೊಂಡದ್ದಲ್ಲ.

ಪ್ರಯಾಣಿಕರಿಗಾಗಿ 100 ರೂಪಾಯಿ ಖರ್ಚಾದರೆ 54 ಮಾತ್ರ ವಸೂಲಾಗುತ್ತದೆ, ಉಳಿದದ್ದು ಸರಕಾರದ ರಿಯಾಯತಿ ಎಂದು ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಹೇಳಿದ್ದಾರೆ. ಆಗಲಿ. ಆ 46 ರೂಪಾಯಿ ತುಂಬಿಬರುವುದು ಸರಕು ಸಾಗಣೆಯಿಂದ, ಅದರಲ್ಲಿಯೂ ಕಲ್ಲಿದ್ದಲಿನಿಂದ. ನಮ್ಮ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವಿದೆ. ಹೊಟಗಿ-ಗದಗ ನಡುವಿನ 284 ಕಿಲೋಮೀಟರ್ ಹಾದಿಯನ್ನು ಜೋಡಿ ಹಳಿ ಮಾಡುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದೇ ಆ ಸ್ಥಾವರಕ್ಕೆ ಕಲ್ಲಿದ್ದಲು ಬರಬೇಕಾದ್ದರಿಂದ. ಸ್ಥಾವರಕ್ಕೆ ಭೂಮಿ ಕೊಟ್ಟವರು ಇಲ್ಲಿಯ ರೈತರು, ಹೊಗೆ ಬೂದಿ ಉಣ್ಣುವವರು ಇಲ್ಲಿಯ ಹಳ್ಳಿಗರು. ಕಲ್ಲಿದ್ದಲಿಗೆ ಎರಡು ಹಳಿ, ಅದೇ ಊರಿನ ಮನುಷ್ಯನಿಗೆ ವೇಟಿಂಗ್ ಲಿಸ್ಟ್ ಎಂದರೆ ಅದನ್ನು ರಿಯಾಯತಿ ಎಂದು ಕರೆಯಲು ನಾವು ಸಿದ್ಧರಿಲ್ಲ.

ಎಲ್ಲವೂ ಕೆಟ್ಟಿದೆ ಎಂದೂ ನಾವು ಹೇಳುತ್ತಿಲ್ಲ. 2023ರ ಡಿಸೆಂಬರಿನಿಂದ ಅಮೃತ ಭಾರತ ಎಂಬ ಗಾಡಿಗಳು ಓಡತೊಡಗಿವೆ. ಅವುಗಳಲ್ಲಿ ತಂಪು ಡಬ್ಬಿ ಇಲ್ಲ. ಸ್ಲೀಪರ್ ಮತ್ತು ಜನರಲ್ ಡಬ್ಬಿಗಳೇ ಇವೆ. ಮೊದಲ ಎರಡರಲ್ಲಿ ಒಂದು ಬಂಗಾಲದ ಮಾಲ್ದಾದಿಂದ ಬೆಂಗಳೂರಿಗೇ ಬಂತು. ಬಂಗಾಲದ ಕೂಲಿಕಾರನಿಗೆ ಅದು ಬಂದದ್ದು ಯೋಗ್ಯವೇ ಆಯಿತು. ಅಂಥ ಗಾಡಿ ವಿಜಯಪುರದ ಹಾದಿಯಲ್ಲಿಯೂ ರಾತ್ರಿ ಓಡಲಿ. ಇಂಡಿ ರೋಡ್, ಬಾಗೇವಾಡಿ ರೋಡ್, ಆಲಮಟ್ಟಿ ಮೂರರಲ್ಲಿಯೂ ನಿಲ್ಲಲಿ. ಇರುವ ಗಾಡಿಗಳಿಂದ ಇನ್ನೊಂದು ಸ್ಲೀಪರ್ ಡಬ್ಬಿಯನ್ನೂ ಕಳಚಕೂಡದು. ಮುದುಕರ ರಿಯಾಯತಿ ಮರಳಿ ಬರಬೇಕು. ಗಾಡಿಯ ವೇಳೆಗೆ ಕೂಡುವಂತೆ ಸಿಂದಗಿ, ಮುದ್ದೇಬಿಹಾಳಗಳಿಂದ ಸರಕಾರಿ ಬಸ್ಸು ಬಿಡುವುದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಡಿಪೋದ ವೇಳಾಪಟ್ಟಿ ತಿದ್ದಿದರೆ ಸಾಕು. ನಡುರಾತ್ರಿ ಇಳಿದ ಹೆಣ್ಣುಮಗಳು ಟಂಟಂನವನು ಕೇಳಿದಷ್ಟು ಕೊಟ್ಟು ಕತ್ತಲಲ್ಲಿ ಹೋಗುವುದು ಇಂದಿಗೇ ನಿಲ್ಲಬಹುದಾದ ಸಂಗತಿ.

ನಾಲ್ಕೂ ತಾಲೂಕುಗಳ ಕಾಮಗಾರ ಸಂಘದವರೂ ವ್ಯಾಪಾರಸ್ಥರೂ ಕೂಡಿ ಹುಬ್ಬಳ್ಳಿಯ ವಿಭಾಗೀಯ ರೇಲ್ವೆ ವ್ಯವಸ್ಥಾಪಕರಿಗೆ ಅರ್ಜಿ ಹಾಕಬೇಕೆಂದು ನಮ್ಮ ಸೂಚನೆ. ಬರಿಯ ಬೇಡಿಕೆ ಬರೆದರೆ ಕಾಗದ ಕಡತ ಸೇರುತ್ತದೆ. ಹಲಗೆ ಸಿಗದೆ ರದ್ದಾದ ತಿಕೀಟನ್ನು ಯಾರೂ ಹರಿದೊಗೆಯಬಾರದು, ಮೊಬೈಲಿನಿಂದ ಅಳಿಸಲೂಬಾರದು. ಗಾಡಿ ಯಾವುದು, ತಾರೀಖು ಯಾವುದು, ಎಷ್ಟನೆಯ ವೇಟಿಂಗು, ಕೊನೆಗೆ ಹೇಗೆ ಹೋದಿರಿ, ಎಷ್ಟು ಖರ್ಚಾಯಿತು, ಎಷ್ಟು ದಿನದ ಕೂಲಿ ಹೋಯಿತು ಎಂಬುದನ್ನು ಅದರ ಜೊತೆಗೆ ಬರೆದಿಟ್ಟು ತಂತಮ್ಮ ಸಂಘದಲ್ಲಿ ಕೊಡಲಿ. ದೀಪಾವಳಿ, ಯುಗಾದಿ, ಎಳ್ಳಮಾವಾಸ್ಯೆಯ ಹಿಂದುಮುಂದಿನ ವಾರಗಳ ತಿಕೀಟುಗಳನ್ನು ಬೇರೆಯಾಗಿ ಕಟ್ಟಿ ಅರ್ಜಿಯ ಮೊದಲಿಗೇ ಲಗತ್ತಿಸಬೇಕು.