ಮನೆಯ ಪಾಠ: ಹಂಚುವ ಲೆಕ್ಕ, ಸಂಧಿಸುವ ಲೆಕ್ಕ

ಐದನೆಯ ಅಥವಾ ಆರನೆಯ ತರಗತಿಯಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ಪ್ರಶ್ನೆಯು ಆಗಾಗ ಕೇಳಿಬರುವುದುಂಟು. ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡ ಮಗುವು, "ಅಮ್ಮಾ, ಇದಕ್ಕೆ ಮ.ಸಾ.ಅ. ಮಾಡಬೇಕೋ, ಲ.ಸಾ.ಅ. ಮಾಡಬೇಕೋ?" ಎಂದು ಕೇಳುತ್ತದೆ. ಯಾವುದೆಂದು ಹೇಳಿದರೆ ಸಾಕು, ಸಂಖ್ಯೆಗಳನ್ನು ಸಾಲಾಗಿ ಬರೆದು, ಭಾಗಿಸಿ, ಉತ್ತರವನ್ನು ತಂದು ತೋರಿಸುತ್ತದೆ. ಹೇಳದಿದ್ದರೆ ಮೊದಲು ಒಂದನ್ನು ಮಾಡಿ, ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೆ ಹೊಂದದಿದ್ದಲ್ಲಿ ಇನ್ನೊಂದನ್ನು ಮಾಡುತ್ತದೆ. ವಿಧಾನವು ಕೈಗೆ ಬಂದಿದೆ, ವಿಷಯವು ಮನಸ್ಸಿಗೆ ಬಂದಿಲ್ಲ. ಇಂತಹ ಮಗುವು ಒಂದೆರಡು ವರ್ಷಗಳಲ್ಲಿ "ನನಗೆ ಲೆಕ್ಕ ಬರುವುದಿಲ್ಲ" ಎಂದು ನಿಶ್ಚಯಿಸಿಕೊಂಡುಬಿಡುವ ಸಂಭವವುಂಟು. ಒಮ್ಮೆ ಹಾಗೆ ನಿಶ್ಚಯಿಸಿಕೊಂಡ ಮಗುವನ್ನು ಮರಳಿ ಕರೆತರುವುದು ಬಲು ಕಷ್ಟ. ಈ ಆಪತ್ತನ್ನು ತಪ್ಪಿಸುವ ಉಪಾಯವು ಶಾಲೆಗಿಂತಲೂ ಮನೆಯಲ್ಲಿ ಸುಲಭವಾಗಿ ದೊರಕುವುದೆಂಬುದನ್ನು ಈ ತಿಂಗಳು ನಮ್ಮ ವಾಚಕರಿಗೆ ನಿವೇದಿಸಬೇಕೆಂದಿದ್ದೇವೆ.

ಮೊದಲು ಹೆಸರುಗಳ ತೊಡಕನ್ನು ಬಿಡಿಸಿಕೊಳ್ಳೋಣ. ಮಹತ್ತಮ ಸಾಮಾನ್ಯ ಅಪವರ್ತನವೆಂದರೆ ಕೊಟ್ಟ ಸಂಖ್ಯೆಗಳೆಲ್ಲವನ್ನೂ ಶೇಷವಿಲ್ಲದಂತೆ ಭಾಗಿಸುವ ಅತ್ಯಂತ ದೊಡ್ಡ ಸಂಖ್ಯೆ. ಲಘುತಮ ಸಾಮಾನ್ಯ ಅಪವರ್ತ್ಯವೆಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಶೇಷವಿಲ್ಲದಂತೆ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆ. "ಮಹತ್ತಮ"ವೆಂಬ ದೊಡ್ಡ ಹೆಸರನ್ನು ಹೊತ್ತುದು ಚಿಕ್ಕ ಸಂಖ್ಯೆಯಾಗಿರುತ್ತದೆ. "ಲಘುತಮ"ವೆಂಬುದು ದೊಡ್ಡ ಸಂಖ್ಯೆಯಾಗಿರುತ್ತದೆ. ೧೨ ಮತ್ತು ೧೮ರ ಮ.ಸಾ.ಅ. ೬, ಲ.ಸಾ.ಅ. ೩೬. ಮಗುವು ಹೆಸರನ್ನು ಕೇಳಿ ದಿಕ್ಕುತಪ್ಪಿದರೆ ಅದು ಮಗುವಿನ ಮಂದಬುದ್ಧಿಯಲ್ಲ. ಆದಕಾರಣ ಹೆಸರುಗಳನ್ನು ಸ್ವಲ್ಪ ಕಾಲ ಬದಿಗಿರಿಸಿ, ಮೊದಲನೆಯದನ್ನು "ಹಂಚುವ ಲೆಕ್ಕ"ವೆಂದೂ ಎರಡನೆಯದನ್ನು "ಸಂಧಿಸುವ ಲೆಕ್ಕ"ವೆಂದೂ ಕರೆಯೋಣ. ಇರುವ ವಸ್ತುವನ್ನು ಸಮಭಾಗಗಳಾಗಿ ಒಡೆಯುವುದು ಮೊದಲನೆಯದು. ಬೇರೆ ಬೇರೆ ಹೆಜ್ಜೆಯಲ್ಲಿ ನಡೆಯುವ ಎರಡು ವಸ್ತುಗಳು ಮತ್ತೆ ಎಲ್ಲಿ ಒಂದಾಗುವುವೆಂದು ನೋಡುವುದು ಎರಡನೆಯದು.

ಹಂಚುವ ಲೆಕ್ಕಕ್ಕೆ ದಸರೆಯ ಗೊಂಬೆ ಬಾಗಿನಕ್ಕಿಂತ ಒಳ್ಳೆಯ ಪಾಠ ಬೇಕೆ? ಅಡಿಗೆಮನೆಯಲ್ಲಿ ೨೪ ರವೆ ಉಂಡೆ, ೩೬ ಚಕ್ಕುಲಿ, ೬೦ ಕೋಡುಬಳೆ ಸಿದ್ಧವಾಗಿವೆಯೆಂದಿಟ್ಟುಕೊಳ್ಳಿ. ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಭೇದವಿರಬಾರದು, ಏನೂ ಉಳಿಯಲೂಬಾರದು. ಎಷ್ಟು ಪೊಟ್ಟಣಗಳನ್ನು ಕಟ್ಟಬಹುದು? ಮಗುವಿಗೆ ಸೂತ್ರವನ್ನು ಹೇಳದೆ, ತಟ್ಟೆಗಳನ್ನು ಹರಡಿ ಹಂಚಲು ಬಿಡಿ. ಎರಡು ಪೊಟ್ಟಣಗಳಾಗುತ್ತವೆ, ಮೂರು ಆಗುತ್ತವೆ, ನಾಲ್ಕೂ ಆಗುತ್ತವೆ. ಐದು ಆಗುವುದಿಲ್ಲ, ಏಕೆಂದರೆ ಕೋಡುಬಳೆಯು ಒಪ್ಪಿದರೂ ಉಂಡೆಯೂ ಚಕ್ಕುಲಿಯೂ ಒಪ್ಪವು. ಹೀಗೆ ನೋಡುತ್ತ ಹೋದರೆ ೧, ೨, ೩, ೪, ೬, ೧೨ ಎಂಬ ಆರು ಸಂಖ್ಯೆಗಳು ಮಾತ್ರ ಒದಗುವುವು. ಇವೇ ಸಾಮಾನ್ಯ ಅಪವರ್ತನಗಳು. ಇವುಗಳಲ್ಲಿ ದೊಡ್ಡದಾದ ೧೨ ಮಹತ್ತಮ. ಹನ್ನೆರಡು ಪೊಟ್ಟಣ ಕಟ್ಟಿದರೆ ಒಂದೊಂದರಲ್ಲಿ ೨ ಉಂಡೆ, ೩ ಚಕ್ಕುಲಿ, ೫ ಕೋಡುಬಳೆ.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಮನೆಗೆ ಬಂದ ಮಕ್ಕಳು ಆರೇ ಮಂದಿಯಾದರೆ ನಮಗೆ ಬೇಕಾದುದು ೧೨ ಅಲ್ಲ, ೬. ಎಂಟು ಮಂದಿ ಬಂದರೆ ಉಂಡೆಯನ್ನು ಸಮನಾಗಿ ಹಂಚಬಹುದು, ಚಕ್ಕುಲಿಯೂ ಕೋಡುಬಳೆಯೂ ನಾಲ್ಕು ನಾಲ್ಕು ಉಳಿಯುವುವು. ಎಲ್ಲಕ್ಕಿಂತ ದೊಡ್ಡ ಸಂಖ್ಯೆಯೊಂದೇ ಉತ್ತರವೆಂದು ಪುಸ್ತಕವು ಅಭ್ಯಾಸ ಮಾಡಿಸುತ್ತದೆ. ಮನೆಗೆ ಬೇಕಾದುದು ಆರು ಸಂಖ್ಯೆಗಳ ಪಟ್ಟಿ ಮತ್ತು ಅದರಿಂದ ಸಮಯಕ್ಕೆ ತಕ್ಕುದನ್ನು ಆರಿಸುವ ವಿವೇಕ.

ಸಂಖ್ಯೆಗಳು ದೊಡ್ಡವಾದಾಗ ಹೀಗೆ ಒಂದೊಂದನ್ನೇ ಪರೀಕ್ಷಿಸುವುದು ಬೇಸರದ ಕೆಲಸ. ಆಗ ಒಂದು ಕಾಗದ, ಒಂದು ಕತ್ತರಿ ಸಾಕು. ೨೦ ಸೆಂಟಿಮೀಟರ್ ಉದ್ದ, ೧೨ ಸೆಂಟಿಮೀಟರ್ ಅಗಲದ ಕಾಗದವನ್ನು ಮಗುವಿಗೆ ಕೊಟ್ಟು, ಅದರಿಂದ ಸಾಧ್ಯವಾದಷ್ಟು ದೊಡ್ಡ ಚೌಕವನ್ನು ಕತ್ತರಿಸಲು ಹೇಳಿ. ೧೨ರ ಚೌಕವೊಂದು ಹೋಗಿ ೧೨ಕ್ಕೆ ೮ರ ತುಂಡು ಉಳಿಯುವುದು. ಅದರಿಂದ ೮ರ ಚೌಕವೊಂದನ್ನು ತೆಗೆದರೆ ೮ಕ್ಕೆ ೪ರ ತುಂಡು. ಅದು ೪ರ ಎರಡು ಚೌಕಗಳಾಗಿ ಪೂರ್ತಿಯಾಗಿ ಮುಗಿಯುವುದು. ಕೊನೆಯ ಚೌಕದ ಅಳತೆಯಾದ ೪ ಎಂಬುದೇ ೨೦ ಮತ್ತು ೧೨ರ ಮ.ಸಾ.ಅ. ಕ್ರಿಸ್ತಪೂರ್ವ ೩೦೦ರ ಸುಮಾರಿನಲ್ಲಿ ಗ್ರೀಕರ ಯೂಕ್ಲಿಡನು ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಹೇಳಿದ ವಿಧಾನವು ಇದೇ ತತ್ತ್ವದ್ದು. ಜಗಲಿಗೆ ಕಲ್ಲು ಹಾಸಿಸುವಾಗ ಇದೇ ಲೆಕ್ಕವು ಹಣವನ್ನು ಉಳಿಸುತ್ತದೆ. ೧೬೨ ಅಂಗುಲ ಉದ್ದ, ೧೨೬ ಅಂಗುಲ ಅಗಲದ ಜಗಲಿಗೆ ೧೮ ಅಂಗುಲದ ಚೌಕದ ಕಲ್ಲುಗಳು ೬೩ ಹಿಡಿಯುವುವು, ಒಂದನ್ನೂ ಒಡೆಯಬೇಕಾಗಿಲ್ಲ.

ಇನ್ನು ಸಂಧಿಸುವ ಲೆಕ್ಕ. ಮನೆಯಲ್ಲಿ ರೋಗಿಗೆ ಒಂದು ಔಷಧವನ್ನು ೬ ಗಂಟೆಗೊಮ್ಮೆ, ಇನ್ನೊಂದನ್ನು ೮ ಗಂಟೆಗೊಮ್ಮೆ ಕೊಡಬೇಕಾಗಿದೆ. ಎರಡನ್ನೂ ಬೆಳಿಗ್ಗೆ ೬ ಗಂಟೆಗೆ ಪ್ರಾರಂಭಿಸಿದ್ದಾಯಿತು. ಮತ್ತೆ ಎರಡೂ ಒಟ್ಟಿಗೆ ಬರುವುದು ಯಾವಾಗ? ಮಗುವು ಎರಡು ಸಾಲುಗಳನ್ನು ಬರೆಯಲಿ: ೬, ೧೨, ೧೮, ೨೪, ಕೆಳಗೆ ೮, ೧೬, ೨೪. ಎರಡೂ ಸಾಲಿನಲ್ಲಿ ಮೊದಲು ಕಾಣುವ ಸಂಖ್ಯೆ ೨೪. ಎಂದರೆ ಮರುದಿನ ಬೆಳಿಗ್ಗೆ ೬ ಗಂಟೆ. ಈ ಸಾಲನ್ನು ತಾನೇ ಬರೆದು ಗೋಡೆಗೆ ಅಂಟಿಸಿದ ಮಗುವು ಲೆಕ್ಕವನ್ನು ಕಲಿಯುವುದಲ್ಲದೆ ಮನೆಯ ಶುಶ್ರೂಷೆಯಲ್ಲಿ ಒಬ್ಬ ಸಹಾಯಕನೂ ಆಗುತ್ತದೆ.

ಆದರೆ ಪುಸ್ತಕಗಳು ಸಾಮಾನ್ಯವಾಗಿ ಒತ್ತಿ ಹೇಳದ ಒಂದು ಎಚ್ಚರಿಕೆಯುಂಟು. ಎರಡನೆಯ ಔಷಧವನ್ನು ೬ ಗಂಟೆಗೆ ಬದಲಾಗಿ ೭ ಗಂಟೆಗೆ ಪ್ರಾರಂಭಿಸಿದ್ದರೆ? ಮೊದಲನೆಯದು ೬ ಮತ್ತು ೧೨ ಗಂಟೆಗಳಲ್ಲಿಯೇ ಬರುವುದು. ಎರಡನೆಯದು ೭, ೩, ೧೧ ಗಂಟೆಗಳಲ್ಲಿ. ಒಂದು ಯಾವಾಗಲೂ ಸಮಸಂಖ್ಯೆ, ಇನ್ನೊಂದು ಯಾವಾಗಲೂ ಬೆಸಸಂಖ್ಯೆ. ಇವೆರಡೂ ಎಂದಿಗೂ ಸೇರವು. ಲ.ಸಾ.ಅ. ಹೇಳುವುದು ಒಮ್ಮೆ ಸೇರಿದ್ದವರು ಮತ್ತೆ ಯಾವಾಗ ಸೇರುವರೆಂಬುದನ್ನು ಮಾತ್ರ. ಮೊದಲು ಸೇರಿದ್ದರೇ ಎಂಬುದನ್ನು ಮಗುವೇ ವಿಚಾರಿಸಿಕೊಳ್ಳಬೇಕು. ಲೆಕ್ಕವು ಅಂದವಾಗಿ ಬರಲೆಂದು ವೈದ್ಯರು ಹೇಳಿದ ಹೊತ್ತನ್ನು ಬದಲಿಸಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿಯೂ ಇದೇ ಲೆಕ್ಕ. ಆಮಂತ್ರಣದ ಕಾಗದವು ೧೦ರ ಕಟ್ಟುಗಳಲ್ಲಿಯೂ ಲಕೋಟೆಯು ೨೫ರ ಕಟ್ಟುಗಳಲ್ಲಿಯೂ ದೊರೆತರೆ, ಏನೂ ಮಿಗದಂತೆ ಕೊಳ್ಳಬಹುದಾದ ಕನಿಷ್ಠ ಸಂಖ್ಯೆ ೫೦: ಕಾಗದದ ೫ ಕಟ್ಟು, ಲಕೋಟೆಯ ೨ ಕಟ್ಟು. ಸಂಗೀತಾಭ್ಯಾಸವಿರುವ ಮನೆಗಳಲ್ಲಿ ಮಗುವಿಗೆ ಆದಿತಾಳದ ಎಂಟು ಎಣಿಕೆಗಳನ್ನು ಹಾಕುತ್ತ, ಎಣಿಕೆಗೊಂದು ಅಕ್ಷರದಂತೆ "ತಕಿಟ, ತಕಿಟ" ಎಂದು ಹೇಳಲು ತಿಳಿಸಿ. "ತ" ಎಂಬ ಅಕ್ಷರವೂ ತಾಳದ ಮೊದಲ ಪೆಟ್ಟೂ ಒಮ್ಮೆ ಸೇರಿ, ಬೇರೆಯಾಗಿ, ೨೪ ಎಣಿಕೆಗಳು ಮುಗಿದೊಡನೆ, ಎಂದರೆ ಮೂರು ಆವರ್ತಗಳಾದ ಮೇಲೆ, ಮತ್ತೆ ಸೇರುವುವು. ೩ ಮತ್ತು ೮ರ ಲ.ಸಾ.ಅ. ಏನೆಂದು ಆ ಮಗುವನ್ನು ಮುಂದೆ ಕೇಳಬೇಕಾಗಿಲ್ಲ.

ಅಜ್ಜನ ಷಷ್ಟಿಪೂರ್ತಿಯೂ ಸಂಧಿಸುವ ಲೆಕ್ಕವೇ. ಆಕಾಶದಲ್ಲಿ ಗುರುವು ರಾಶಿಚಕ್ರವನ್ನು ಒಮ್ಮೆ ಸುತ್ತಿಬರಲು ಸುಮಾರು ೧೨ ವರ್ಷ. ಶನಿಗೆ ಸುಮಾರು ೩೦ ವರ್ಷ. ೧೨ ಮತ್ತು ೩೦ರ ಲ.ಸಾ.ಅ. ೬೦. ಗುರುವು ಐದು ಸುತ್ತು, ಶನಿಯು ಎರಡು ಸುತ್ತು ಮುಗಿಸುವ ಹೊತ್ತಿಗೆ ಇಬ್ಬರೂ ಹೊರಟ ಸ್ಥಳದ ಸಮೀಪಕ್ಕೆ ಬಂದಿರುವರು. ನಮ್ಮ ಸಂವತ್ಸರಗಳೂ ಅರುವತ್ತು. ೧೯೮೭ರ ಯುಗಾದಿಗೆ ಬಂದ ಪ್ರಭವ ಸಂವತ್ಸರವು ಮತ್ತೆ ಬರುವುದು ೨೦೪೭ರಲ್ಲಿ. ಅಂದು ಮಗುವಿಗೆ ಎಷ್ಟು ವಯಸ್ಸಾಗಿರುವುದೆಂದು ಕೇಳಿ ನೋಡಿ. ಲೆಕ್ಕದಲ್ಲಿ ಆಸಕ್ತಿಯು ತಾನಾಗಿ ಹುಟ್ಟುವುದು.

ಈ ವಿದ್ಯೆಯು ಕನ್ನಡನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ "ಗಣಿತಸಾರಸಂಗ್ರಹ"ವನ್ನು ರಚಿಸಿದನು. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲ.ಸಾ.ಅ.ವನ್ನು ತೆಗೆದುಕೊಳ್ಳುವ ಕ್ರಮವನ್ನು ಅವನು ಅದರಲ್ಲಿ ಹೇಳಿ, ಅದಕ್ಕೆ "ನಿರುದ್ಧ"ವೆಂದು ಹೆಸರಿಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಬರೆದ ಗ್ರಂಥದ ಹೆಸರು "ವ್ಯವಹಾರಗಣಿತ". ಲೆಕ್ಕವು ವ್ಯವಹಾರಕ್ಕೆ, ಬಾಳಿಗೆ ಎಂಬುದು ಆ ಹೆಸರಿನಲ್ಲಿಯೇ ಇದೆ.

ನಮ್ಮ ಹಳೆಯ ನಾಣ್ಯವೂ ಇದಕ್ಕೆ ಸಾಕ್ಷಿ. ೧೯೫೭ರ ಏಪ್ರಿಲ್ ೧ರವರೆಗೆ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ, ಒಟ್ಟು ೧೯೨ ಪೈ ಇದ್ದುವು. ಆ ರೂಪಾಯಿಯನ್ನು ಮೂವರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ ೫ ಆಣೆ ೪ ಪೈ, ಶೇಷವಿಲ್ಲ. ಇಂದಿನ ೧೦೦ ಪೈಸೆಗಳನ್ನು ಮೂವರಿಗೆ ಹಂಚಲು ಹೋದರೆ ಒಂದು ಪೈಸೆ ಉಳಿಯುವುದು. ದಶಮಾಂಶ ಪದ್ಧತಿಯಿಂದ ಬರೆಯುವುದಕ್ಕೂ ಗುಣಿಸುವುದಕ್ಕೂ ಸೌಲಭ್ಯವಾಯಿತು, ಮೂರರಿಂದ ಭಾಗಿಸುವ ಸೌಲಭ್ಯವು ಹೋಯಿತು. ಏಕೆಂದು ಮಗುವು ಯೋಚಿಸಲಿ: ೧೯೨ಕ್ಕೆ ೩ ಅಪವರ್ತನ, ೧೦೦ಕ್ಕೆ ಅಲ್ಲ.

ಕಲಿಸುವ ತಾಯ್ತಂದೆಗಳಿಗೆ ನಮ್ಮ ಸಲಹೆ ಇಷ್ಟೆ. ಮಗುವು "ಯಾವುದನ್ನು ಮಾಡಲಿ?" ಎಂದು ಕೇಳಿದಾಗ ಉತ್ತರವನ್ನು ಹೇಳಬೇಡಿ, ಗದರಿಸಲೂಬೇಡಿ. ಮೂರು ಮರುಪ್ರಶ್ನೆಗಳನ್ನು ಕೇಳಿ. ಇಲ್ಲಿ ಇರುವುದನ್ನು ಒಡೆಯುತ್ತಿದ್ದೇವೆಯೋ, ಮುಂದೆ ಸೇರುವುದನ್ನು ಕಾಯುತ್ತಿದ್ದೇವೆಯೋ? ಉತ್ತರವು ಕೊಟ್ಟ ಸಂಖ್ಯೆಗಳಿಗಿಂತ ಚಿಕ್ಕದಾಗಿರಬೇಕೋ, ದೊಡ್ಡದಾಗಿರಬೇಕೋ? ಬಂದ ಉತ್ತರವನ್ನು ತಟ್ಟೆಯಲ್ಲಿಯೋ ಗಡಿಯಾರದಲ್ಲಿಯೋ ಇಟ್ಟು ನೋಡಿದರೆ ಸರಿಹೋಗುವುದೋ? ಮೂರನೆಯ ಪ್ರಶ್ನೆಯನ್ನು ತಾನಾಗಿ ಕೇಳಿಕೊಳ್ಳಲು ಕಲಿತ ಮಗುವಿಗೆ ಪುಸ್ತಕದ ಕೊನೆಯ ಉತ್ತರದ ಹಂಗು ಬೇಕಾಗದು. ಸಮನಾಗಿ ಹಂಚಲಾಗದೆ ಉಳಿದ ನಾಲ್ಕು ಚಕ್ಕುಲಿಗಳನ್ನು ಯಾರಿಗೆ ಕೊಡಬೇಕೆಂಬುದನ್ನು ಮಾತ್ರ ಯಾವ ಅಪವರ್ತನವೂ ಹೇಳಲಾರದು. ಅದನ್ನೂ ಮಗುವೇ ನಿರ್ಣಯಿಸಲಿ.

ಈ ತಿಂಗಳ ಅಭ್ಯಾಸಕ್ಕೆ ಮೂರು ಲೆಕ್ಕಗಳು:

೧. ೯೬, ೧೨೦, ೧೪೪ ಸೆಂಟಿಮೀಟರ್ ಉದ್ದದ ಮೂರು ಬಟ್ಟೆಯ ಪಟ್ಟಿಗಳಿವೆ. ಏನೂ ವ್ಯರ್ಥವಾಗದಂತೆ, ಆದಷ್ಟು ಉದ್ದವಾದ ಸಮನಾದ ತುಂಡುಗಳನ್ನು ಕತ್ತರಿಸಿದರೆ ಎಷ್ಟು ತುಂಡುಗಳಾಗುವುವು?

೨. ಮೂರು ಹೂವಿನ ಕುಂಡಗಳಿಗೆ ಕ್ರಮವಾಗಿ ೨, ೩, ೪ ದಿನಗಳಿಗೊಮ್ಮೆ ನೀರೆರೆಯಬೇಕು. ಸೋಮವಾರ ಮೂರಕ್ಕೂ ನೀರೆರೆದುದಾಯಿತು. ಮತ್ತೆ ಮೂರಕ್ಕೂ ಒಂದೇ ದಿನ ನೀರೆರೆಯುವ ವಾರ ಯಾವುದು?

೩. ಒಂದು ಗಂಟೆಯು ೮ ಗಂಟೆಗೆ ಮೊದಲು ಬಾರಿಸಿ ೬ ನಿಮಿಷಗಳಿಗೊಮ್ಮೆ, ಇನ್ನೊಂದು ೮ ಗಂಟೆ ೪ ನಿಮಿಷಕ್ಕೆ ಮೊದಲು ಬಾರಿಸಿ ೧೦ ನಿಮಿಷಗಳಿಗೊಮ್ಮೆ ಬಾರಿಸುತ್ತವೆ. ಎರಡೂ ಒಟ್ಟಿಗೆ ಬಾರಿಸುವುದು ಎಂದಾದರೂ ಉಂಟೇ? ಇದ್ದರೆ ಮೊದಲ ಸಲ ಎಷ್ಟು ಹೊತ್ತಿಗೆ?

ಮೂರನೆಯದರಲ್ಲಿ ಅವಸರಪಡದೆ ಸಾಲುಗಳನ್ನು ಬರೆದು ನೋಡಲು ಮಕ್ಕಳಿಗೆ ತಿಳಿಸಿ. ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಕೊಡುವೆವು.